ಹೃದಯದ ಕರ್ತವ್ಯ: ಯಹೂದಿಗಳ ಬದುಕಿನಲ್ಲಿ ಕೃತಜ್ಞತೆ

ಅಲ್ಲಾಹನ ಅನುಗ್ರಹಗಳಿಗೆ ಕೃತಜ್ಞತೆ ಸಲ್ಲಿಸುವ ವಿಚಾರ ಜುಮಾ ಖುತ್ಬಾಗಳಲ್ಲಿ ಪದೇ ಪದೇ ಬರುತ್ತದೆ. ಕುರ್‌ಆನ್ 'ಅಹ್ಲುಲ್ ಕಿತಾಬ್' ಎಂದು ಕರೆದ ಯಹೂದಿಗಳಲ್ಲಿ ಈ ಕೃತಜ್ಞತೆ ಹೇಗಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಯಹೂದಿ ಎಂದ ಕೂಡಲೇ ಮನಸ್ಸು ಫೆಲೆಸ್ತೀನಿನ ಸುದ್ದಿಗಳ ಕಡೆ ಹೋಗುವುದು ಸಹಜ. ಇಲ್ಲಿ ನಾವು ನೋಡುವುದು ಅವರ ಆರಾಧನೆಯನ್ನು ಮಾತ್ರ.

ಆ ಹೆಸರಿನಲ್ಲೇ ಕೃತಜ್ಞತೆ ಇದೆ. ಯಅ್‌ಕೂಬ್(ಅ)ರ ನಾಲ್ಕನೇ ಮಗ ಹುಟ್ಟಿದಾಗ ತಾಯಿ ಲೇಯಾ ದೇವನನ್ನು ಸ್ತುತಿಸಿ ಮಗುವಿಗೆ ಯಹೂದ ಎಂದು ಹೆಸರಿಟ್ಟರೆಂದು ಅವರ ಗ್ರಂಥ ಹೇಳುತ್ತದೆ. ಹೀಬ್ರೂ ಭಾಷೆಯಲ್ಲಿ ಕೃತಜ್ಞತೆಯ ಪದವೂ ಈ ಹೆಸರೂ ಒಂದೇ ಮೂಲದವು. ಧರ್ಮನಿಷ್ಠ ಯಹೂದಿ ಬೆಳಿಗ್ಗೆ ಕಣ್ಣು ಬಿಟ್ಟೊಡನೆ, ಕೈ ತೊಳೆಯುವ ಮೊದಲೇ, ಪ್ರಾಣ ಮರಳಿಸಿದ ದೇವನಿಗೆ ಕೃತಜ್ಞತೆ ಹೇಳುತ್ತಾನೆ. ರೊಟ್ಟಿಗೊಂದು, ಹಣ್ಣಿಗೊಂದು, ಮಿಂಚು ಕಂಡರೊಂದು ಸ್ತುತಿ. ಶೌಚಾಲಯದಿಂದ ಬಂದ ಮೇಲೂ, ದೇಹದ ನಾಳಗಳು ಸರಿಯಾಗಿ ನಡೆಯುತ್ತಿರುವುದಕ್ಕೆ ಒಂದು. ಸಾವಿನ ಸುದ್ದಿ ಬಂದಾಗಲೂ ದೇವನೇ ನಿಜ ನ್ಯಾಯಾಧೀಶನೆಂದು ಸ್ತುತಿಸಬೇಕು. ಇಂತಹವನ್ನು ದಿನಕ್ಕೆ 100 ಸಲ ಹೇಳಬೇಕೆಂಬ ಮಾತು ತಲ್ಮೂದ್‌ನಲ್ಲಿದೆ.

ಇದೆಲ್ಲ ನಾಲಗೆಯ ಕೆಲಸವಾಯಿತು. ದಿನಕ್ಕೆ ನೂರು ಸಲ ಹೇಳಿದ ಮಾತು ಬರೀ ಬಾಯಿಪಾಠವಾಗಲು ಎಷ್ಟು ದಿನ ಬೇಕು? ನಮ್ಮ 'ಅಲ್ಹಮ್ದುಲಿಲ್ಲಾಹ್'ಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಇದನ್ನು ಗಂಭೀರವಾಗಿ ತೆಗೆದುಕೊಂಡವರು 11ನೇ ಶತಮಾನದ ಬಹ್ಯಾ ಇಬ್ನ್ ಪಕೂದಾ. ಮುಸ್ಲಿಮರ ಆಳ್ವಿಕೆಯಿದ್ದ ಸ್ಪೇನಿನಲ್ಲಿ ಯಹೂದಿ ಸಮುದಾಯದ ನ್ಯಾಯಾಧೀಶರಾಗಿದ್ದವರು. ಅವರ ಗ್ರಂಥವನ್ನು ಅವರು ಬರೆದದ್ದು ಅರಬಿಯಲ್ಲಿ. ಹೆಸರಿನ ಅರ್ಥ 'ಹೃದಯಗಳ ಕರ್ತವ್ಯಗಳಿಗೆ ಮಾರ್ಗದರ್ಶನ'. ಅಂಗಾಂಗಗಳ ಕರ್ತವ್ಯದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ, ಹೃದಯದ ಕರ್ತವ್ಯದ ಬಗ್ಗೆ ಬರೆದವರಿಲ್ಲ ಎಂಬುದು ಅವರ ದೂರು. ಅದರ 10 ಅಧ್ಯಾಯಗಳಲ್ಲಿ ತವಕ್ಕುಲ್, ಇಖ್ಲಾಸ್, ತೌಬಾ, ಝುಹ್ದ್ ಎಲ್ಲವೂ ಬರುತ್ತವೆ. ಸೂಫಿಗಳ ಬರಹಗಳನ್ನು ಅವರು ಚೆನ್ನಾಗಿ ಓದಿದ್ದರೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಮನುಷ್ಯ ಅನುಗ್ರಹವನ್ನು ಕಾಣದಿರಲು ಅವರು 3 ಕಾರಣ ಕೊಡುತ್ತಾರೆ. ಇನ್ನಷ್ಟು ಬೇಕೆಂಬ ಆಸೆ ಒಂದು. ಕಷ್ಟ ಬಂದಾಗ ಅದರ ಹಿಂದಿನ ಒಳಿತನ್ನು ಅರಿಯದಿರುವುದು ಇನ್ನೊಂದು. ಮತ್ತೊಂದು ಅಭ್ಯಾಸ. ಇದಕ್ಕೆ ಅವರು ಕೊಡುವ ಉದಾಹರಣೆ ಹೀಗಿದೆ: ಒಬ್ಬ ದಯಾಳು ಮರುಭೂಮಿಯಲ್ಲಿ ಸಿಕ್ಕ ಹಸುಗೂಸನ್ನು ಮನೆಗೆ ತಂದು ಯಾವ ಕೊರತೆಯೂ ಇಲ್ಲದಂತೆ ಸಾಕಿದ. ಮುಂದೆ, ಶತ್ರುವಿನ ಕೈಯಲ್ಲಿ ಹಸಿದು ಬತ್ತಲೆಯಾಗಿದ್ದ ಕೈದಿಯೊಬ್ಬನನ್ನು ಬಿಡಿಸಿ ತಂದ. ಮಗುವಿಗೆ ಮಾಡಿದ್ದರಲ್ಲಿ ಒಂದು ಪಾಲನ್ನಷ್ಟೇ ಕೈದಿಗೆ ಮಾಡಿದರೂ ಹೆಚ್ಚು ಋಣ ನೆನೆದವನು ಕೈದಿಯೇ. ಮಗುವಿಗೆ ಬೇರೆ ಬದುಕು ಗೊತ್ತೇ ಇರಲಿಲ್ಲ. ಕೊಡ ಹೊತ್ತು ನೀರು ತಂದ ಅಜ್ಜಿಗೂ ಮನೆಯಲ್ಲೇ ನಲ್ಲಿ ನೋಡುತ್ತ ಬೆಳೆದ ಮೊಮ್ಮಕ್ಕಳಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಕೃತಜ್ಞತೆ ತಾನಾಗಿ ಬರುತ್ತದೆಂದು ಬಹ್ಯಾ ಕಾಯಲಿಲ್ಲ. ಅದನ್ನು ಬುದ್ಧಿಯಿಂದ ಆರಿಸಿಕೊಳ್ಳಬೇಕು, ಪಡೆದುದನ್ನು ಹುಡುಕಿ ನೋಡಬೇಕು ಎಂದರು. ದೇವನ ಆರಾಧನೆ ನಿಂತಿರುವುದೇ ಈ ಅರಿವಿನ ಮೇಲೆ ಎಂಬುದು ಅವರ ವಾದ. ಅವರ ಎಂಟನೇ ಅಧ್ಯಾಯ ಮುಹಾಸಬಾ, ಅಂದರೆ ಆತ್ಮವಿಚಾರಣೆ. ಮನುಷ್ಯ ತನ್ನೊಂದಿಗೆ ತಾನೇ ಲೆಕ್ಕಕ್ಕೆ ಕೂರುವ 30 ವಿಧಗಳು ಅದರಲ್ಲಿವೆ. ಮೊದಲನೆಯದು, ಏನೂ ಅಲ್ಲದಿದ್ದ ತನ್ನನ್ನು ದೇವನು ಅಸ್ತಿತ್ವಕ್ಕೆ ತಂದದ್ದನ್ನು ನೆನೆಯುವುದು.