ಅಂಕಿಯ ಪಕ್ಕದಲ್ಲೊಂದು ಮಾತು

ಮಾರ್ಗಶಿರ ಮಾಸದ ಒಂದು ಪ್ರಾತಃಕಾಲ, ರಾಜಾನುಕುಂಟೆಯಿಂದ ಹೆಸರಘಟ್ಟದ ಕಡೆಗೆ ಹೊರಳುವ ದಾರಿಯಲ್ಲಿ, ರಾಗಿ ಕೊಯ್ದ ಹೊಲಗಳ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರದಿದ್ದ ಹೊತ್ತಿನಲ್ಲಿ, ಮಿತ್ರರೊಬ್ಬರೊಡನೆ ಮನೆವಾರ್ತೆಯ ಮಾತನಾಡುತ್ತ ನಿಧಾನವಾಗಿ ಓಡುತ್ತಿದ್ದ ನನಗೆ, ಮಣಿಕಟ್ಟಿನ ಗಡಿಯಾರವು ನನ್ನ ಹೃದಯ ನಿಮಿಷಕ್ಕೆ 172 ಸಲ ಬಡಿಯುತ್ತಿರುವುದೆಂದು ತಿಳಿಸಿತು. ಅಷ್ಟು ವೇಗದಿಂದ ಬಡಿಯುವ ಎದೆಯನ್ನಿಟ್ಟುಕೊಂಡು ಮಗಳ ಪರೀಕ್ಷೆಯ ವಿಚಾರವನ್ನು ಸಾವಧಾನವಾಗಿ ವಿವರಿಸುವುದು ನನ್ನ ವಯಸ್ಸಿನವನಿಗೆ ಸಾಧ್ಯವಿಲ್ಲ. ನಿಂತೊಡನೆ ಕೊರಳ ಪಕ್ಕದಲ್ಲಿ ಬೆರಳಿಟ್ಟು 15 ಸೆಕೆಂಡು ಎಣಿಸಿದೆ. 33 ಬಡಿತ, ಎಂದರೆ ನಿಮಿಷಕ್ಕೆ 132. ಹಾಗಾದರೆ ಗಡಿಯಾರ ಎಣಿಸುತ್ತಿದ್ದುದೇನನ್ನು? ನನ್ನ ಹೆಜ್ಜೆಗಳನ್ನು. ಸಾಮಾನ್ಯ ಓಟಗಾರನು ನಿಮಿಷಕ್ಕೆ 160ರಿಂದ 180 ಹೆಜ್ಜೆ ಇಡುತ್ತಾನೆ. ಪ್ರತಿ ಹೆಜ್ಜೆಗೂ ತೋಳು ಅಲುಗುತ್ತದೆ. ಆ ಅಲುಗಾಟವನ್ನೇ ಯಂತ್ರವು ನಾಡಿಯೆಂದು ಭ್ರಮಿಸಿತ್ತು. ಸಂಜೆ ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಉಪದೇಶಕನನ್ನು ತೆರೆದಾಗ, ಆ ದಿನ ನಾನು ಅತಿಶ್ರಮವನ್ನು ಕೈಗೊಂಡೆನೆಂದೂ, ಎರಡು ದಿನ ವಿಶ್ರಮಿಸಬೇಕೆಂದೂ ಅದು ಬಹು ಸೌಜನ್ಯದಿಂದ ಬರೆದಿತ್ತು. ಉಪದೇಶದಲ್ಲಿ ತರ್ಕದೋಷವಿರಲಿಲ್ಲ, ಅದು ನಿಂತಿದ್ದ ನೆಲವೇ ಸುಳ್ಳಾಗಿತ್ತು.

ಈ ಅಧ್ಯಾಯವು ತನಗೆ ತಾನೇ ಶಿಷ್ಯನೂ ತಾನೇ ಗುರುವೂ ಆಗಿರುವ ದೀರ್ಘದೂರದ ಅಭ್ಯಾಸಿಯನ್ನು ಕುರಿತದ್ದು. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ನಮ್ಮ ಊರಾದ ರಾಜಾನುಕುಂಟೆಯ ಆಸುಪಾಸಿನಲ್ಲಿ ಅಂಥವರು ಈಗ ವಿರಳರಲ್ಲ: ಅವಲಹಳ್ಳಿಯ ಕಾಡುದಾರಿಯಲ್ಲಿ ಓಡುವವರುಂಟು, ಭಾನುವಾರ ನಸುಕಿನಲ್ಲೇ ಎದ್ದು 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವವರುಂಟು. ಕಂಠೀರವ ಕ್ರೀಡಾಂಗಣದಲ್ಲಿ ಕೋಚ್ ಒಬ್ಬರ ಕಣ್ಣೆದುರಿಗೆ ನಿತ್ಯವೂ ಅಭ್ಯಾಸ ಮಾಡುವಷ್ಟು ವ್ಯವಧಾನ ಇವರಿಗಿಲ್ಲ; ಉದ್ಯೋಗ, ಸಂಸಾರ, ರಸ್ತೆಯ ವಾಹನಸಂದಣಿ ಇವುಗಳ ನಡುವೆ ಉಳಿದ ಒಂದೆರಡು ಗಂಟೆಗಳೇ ಇವರ ಬಂಡವಾಳ. ಹಿಂದೆ ಹಣವಂತನಾದ ಅಥವಾ ಪ್ರತಿಭಾವಂತನಾದ ಕ್ರೀಡಾಪಟುವಿಗೆ ಮಾತ್ರ ದೊರೆಯುತ್ತಿದ್ದ ಅಳತೆಯೂ ಆಲೋಚನೆಯೂ ಇಂದು ಇಂಥವರ ಕೈಗೂ ಎಟುಕಿರುವುದು ನಿಸ್ಸಂಶಯವಾಗಿ ಸಂತೋಷದ ಸಂಗತಿ. ಆದಕಾರಣವೇ ಆ ಸಾಧನಗಳ ಸ್ವಭಾವವನ್ನು ಅರಿತಿರುವುದು ಅವಶ್ಯ.

ನಾಡಿಯನ್ನು ಓಡುತ್ತಿರುವಾಗಲೇ ಅಳೆಯಬೇಕೆಂಬ ಬಯಕೆ ಫಿನ್ಲೆಂಡಿನಲ್ಲಿ ಫಲಿಸಿತು. 1977ರಲ್ಲಿ ಅಲ್ಲಿ ಸ್ಥಾಪಿತವಾದ ಪೋಲಾರ್ ಎಂಬ ಸಂಸ್ಥೆ 1982ರಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಹೃದಯಬಡಿತವನ್ನು ಕಳುಹುವ ಉಪಕರಣವನ್ನು ಹೊರತಂದಿತು. ಎದೆಪಟ್ಟಿಯು ಹೃದಯ ಬಡಿಯುವಾಗ ಹುಟ್ಟುವ ವಿದ್ಯುತ್ತನ್ನೇ ಗ್ರಹಿಸುತ್ತದೆ. ಇಂದಿನ ಮಣಿಕಟ್ಟಿನ ಗಡಿಯಾರದ ದಾರಿ ಬೇರೆ: ಅದರ ಬೆನ್ನಿನಲ್ಲಿರುವ ಹಸಿರು ದೀಪಗಳು ಚರ್ಮದೊಳಕ್ಕೆ ಬೆಳಕನ್ನು ಬೀರುತ್ತವೆ, ರಕ್ತವು ಹಸಿರು ಬೆಳಕನ್ನು ಹೀರುವುದರಿಂದ, ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ಹಿಂತಿರುಗುವ ಬೆಳಕು ತುಸು ಕುಗ್ಗುತ್ತದೆ, ಆ ಏರಿಳಿತವನ್ನು ಎಣಿಸಿ ನಾಡಿಯೆನ್ನುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತವಾದರೆ, ಪಟ್ಟಿ ಸಡಿಲವಾಗಿದ್ದರೆ, ಸೈಕಲ್ಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿದ್ದರೆ, ಈ ಸೂಕ್ಷ್ಮವಾದ ಲೆಕ್ಕ ಕೆಡುತ್ತದೆ. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಗಡಿಯಾರವನ್ನು ಬಿಗಿದುಕೊಳ್ಳುವುದು, ವೇಗದ ಅಭ್ಯಾಸದ ದಿನ ಎದೆಪಟ್ಟಿಯನ್ನು ಧರಿಸುವುದು, ಸಂಶಯ ಬಂದಾಗ ಬೆರಳಿನಿಂದ ಎಣಿಸುವುದು, ಇಷ್ಟನ್ನು ರೂಢಿಸಿಕೊಂಡರೆ ಬಹುಪಾಲು ತಪ್ಪುಗಳು ನಿವಾರಣೆಯಾಗುತ್ತವೆ.

ಅಳತೆ ಸರಿಯಾಗಿದ್ದರೂ ಅದನ್ನು ಯಾವ ಮಾನದಂಡಕ್ಕೆ ಹೋಲಿಸುವುದೆಂಬ ಪ್ರಶ್ನೆ ಉಳಿಯುತ್ತದೆ. 220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುವುದೆಂಬ ಸೂತ್ರವನ್ನು ಎಲ್ಲರೂ ಕೇಳಿದ್ದಾರೆ, ಅನೇಕ ಆ್ಯಪ್‌ಗಳು ಇದನ್ನೇ ಆಧಾರವಾಗಿ ಹಿಡಿದಿವೆ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಇದಕ್ಕೆ ಬದಲಾಗಿ, ವಯಸ್ಸಿನ ಹತ್ತರಲ್ಲಿ ಏಳು ಭಾಗವನ್ನು 208ರಿಂದ ಕಳೆಯಬೇಕೆಂದರು. ನಲವತ್ತರ ಪ್ರಾಯದಲ್ಲಿ ಎರಡೂ 180 ಎನ್ನುತ್ತವೆ. ಅರವತ್ತಕ್ಕೆ ಬಂದಾಗ ಒಂದು 160 ಎಂದರೆ ಇನ್ನೊಂದು 166 ಎನ್ನುತ್ತದೆ. ಎರಡೂ ಸರಾಸರಿಗಳೇ ಆದ್ದರಿಂದ, ವ್ಯಕ್ತಿಯೊಬ್ಬನ ನಿಜವಾದ ಗರಿಷ್ಠವು ಸೂತ್ರಕ್ಕಿಂತ ಹತ್ತು ಬಡಿತ ಅತ್ತಿತ್ತ ಇರುವುದು ಸರ್ವೇಸಾಮಾನ್ಯ. ಸೂತ್ರದಿಂದ ಹುಟ್ಟಿದ ಬಣ್ಣಬಣ್ಣದ ವಲಯಗಳನ್ನು ನಂಬಿ, ನಿರಾಳವಾಗಿ ಓಡಬೇಕಾದ ದಿನ ನಡೆಯುತ್ತ, ಇಲ್ಲವೇ ಏದುಸಿರು ಬಿಡುತ್ತ ಸಾಗುವವರನ್ನು ನಾನು ಕಂಡು ಮರುಗಿದ್ದೇನೆ.

ಗಡಿಯಾರಗಳೂ ಆ್ಯಪ್‌ಗಳೂ ತೋರಿಸುವ ಕಸುವು, ದಣಿವು, ಸನ್ನದ್ಧತೆ ಎಂಬ ರೇಖೆಗಳ ಹಿಂದೆ ಇರುವುದು ಒಂದು ಸುಂದರವಾದ ಕಲ್ಪನೆ. 1975ರಲ್ಲಿ ಬ್ಯಾನಿಸ್ಟರ್ ಎಂಬ ವಿಜ್ಞಾನಿಯು ತನ್ನ ಸಹೋದ್ಯೋಗಿಗಳೊಡನೆ ಪ್ರತಿಪಾದಿಸಿದ ಈ ಕಲ್ಪನೆಯನ್ನು ವಿವರಿಸಲು ನಮ್ಮ ಊರಿನ ಹೆಸರೇ ಸಾಕು. ಕುಂಟೆಯೆಂದರೆ ಸಣ್ಣ ನೀರಿನ ಗುಂಡಿ. ಪಡುವಲಿನಲ್ಲಿರುವ ಹೆಸರಘಟ್ಟದ್ದು ವಿಶಾಲವಾದ ಕೆರೆ. ಒಂದೇ ಮಳೆ ಎರಡರಲ್ಲೂ ಬೀಳುತ್ತದೆ. ಕುಂಟೆ ಒಂದು ಜೋರು ಮಳೆಗೇ ತುಂಬಿ ತುಳುಕಿ, ಬಿಸಿಲು ಬಂದ ಕೆಲವೇ ದಿನಗಳಲ್ಲಿ ಬತ್ತುತ್ತದೆ. ಕೆರೆಯಾದರೋ ಮೆಲ್ಲಗೆ ತುಂಬುತ್ತದೆ, ಮೆಲ್ಲಗೆ ಇಳಿಯುತ್ತದೆ. ಪ್ರತಿದಿನದ ಓಟವು ಮಳೆ; ದಣಿವು ಕುಂಟೆಯ ನೀರು, ಕಸುವು ಕೆರೆಯ ನೀರು. ಆ್ಯಪ್‌ಗಳು ರೂಢಿಯಾಗಿ ಕುಂಟೆಗೆ 7 ದಿನಗಳ, ಕೆರೆಗೆ 42 ದಿನಗಳ ಅವಧಿಯನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತವೆ. ಸ್ಪರ್ಧೆಗೆ ಎರಡು ವಾರವಿರುವಾಗ ಅಭ್ಯಾಸವನ್ನು ತಗ್ಗಿಸಬೇಕೆನ್ನುವ ಅನುಭವಿಗಳ ಮಾತಿನ ಮರ್ಮ ಇಷ್ಟೇ: ಮಳೆ ನಿಂತರೆ ಕುಂಟೆ ಬತ್ತುತ್ತದೆ, ಕೆರೆಯಲ್ಲಿ ನೀರು ಇನ್ನೂ ಇರುತ್ತದೆ. ಆದರೆ ಈ ಲೆಕ್ಕಕ್ಕೆ ಕಾಣುವ ಮಳೆ ಓಟವೊಂದೇ. ರಾತ್ರಿಯ ನಿದ್ರೆಗೇಡು, ಮನೆಯಲ್ಲಿ ಕಾಯಿಲೆ, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಲುಕಿದ ಒಂದೂವರೆ ಗಂಟೆ, ಇವೂ ಕುಂಟೆಯನ್ನು ತುಂಬಿಸುತ್ತವೆ. ರೇಖೆಯಲ್ಲಿ ಇವುಗಳ ಸುಳಿವಿರುವುದಿಲ್ಲ.

ಈ ಕೊರತೆಯನ್ನು ನೀಗಲು ಬಡಿತ ಬಡಿತಗಳ ನಡುವಣ ಅಂತರದ ಏರುಪೇರನ್ನು ಅಳೆಯುವ ಕ್ರಮ ಬಂದಿದೆ. ವಿಶ್ರಾಂತ ದೇಹದಲ್ಲಿ ಆ ಅಂತರ ಒಂದೇ ಸಮನಾಗಿರದೆ ಉಸಿರಿನೊಡನೆ ಹಿಗ್ಗಿ ಕುಗ್ಗುತ್ತದೆ. 2007ರಲ್ಲಿ ಕಿವಿನಿಯೆಮಿ ಮತ್ತು ಸಂಗಡಿಗರು ಬೆಳಗಿನ ಈ ಅಳತೆಯನ್ನು ನೋಡಿ ಆ ದಿನದ ಅಭ್ಯಾಸವನ್ನು ನಿರ್ಣಯಿಸುವ ಪ್ರಯೋಗವನ್ನು ಪ್ರಕಟಿಸಿ, ಪೂರ್ವನಿಶ್ಚಿತವಾದ ವೇಳಾಪಟ್ಟಿಗಿಂತ ಅದು ಹೆಚ್ಚು ಫಲಕಾರಿಯಾದುದನ್ನು ತೋರಿಸಿದರು. ಒಂದು ದಿನದ ಅಂಕಿಗೆ ಬೆಲೆ ಕಡಿಮೆ. ವಾರದ ಸರಾಸರಿ ನಮ್ಮ ವಾಡಿಕೆಗಿಂತ ಇಳಿಯುತ್ತಿದೆಯೇ ಎಂಬುದನ್ನು ನೋಡಬೇಕು.

ಇನ್ನು ಮಾತನಾಡುವ ಯಂತ್ರದ ವಿಚಾರ. 2022ರ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಲೋಕದೆದುರು ಬಂದ ಮೇಲೆ, ವಯಸ್ಸು, ಸ್ಪರ್ಧೆಯ ದಿನಾಂಕ, ವಾರದಲ್ಲಿ ದೊರೆಯುವ ವೇಳೆ ಇಷ್ಟನ್ನು ತಿಳಿಸಿದರೆ ಹದಿನಾರು ವಾರಗಳ ಮ್ಯಾರಥಾನ್ ಯೋಜನೆಯನ್ನು ಕ್ಷಣದಲ್ಲಿ ಬರೆದುಕೊಡುವ ಉಪದೇಶಕ ಎಲ್ಲರಿಗೂ ಲಭ್ಯನಾದ; ಗಡಿಯಾರದ ಆ್ಯಪ್‌ಗಳೂ ಒಂದೊಂದಾಗಿ ಈ ಬಗೆಯ ವ್ಯಾಖ್ಯಾನಕಾರನನ್ನು ಒಳಗೆ ಸೇರಿಸಿಕೊಂಡವು. ಇದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆರು ವಾರಗಳ ದಾಖಲೆಯನ್ನು ಒಮ್ಮೆಗೇ ಓದಿ, ನಿಧಾನವಾಗಿರಬೇಕಾದ ನನ್ನ ಓಟಗಳೆಲ್ಲವೂ ಅಗತ್ಯಕ್ಕಿಂತ ವೇಗವಾಗಿದ್ದುವೆಂದು ಅದು ತೋರಿಸಿಕೊಟ್ಟಾಗ, ವರ್ಷಗಳಿಂದ ನಾನು ಒಪ್ಪಿಕೊಳ್ಳದೆ ಇದ್ದ ಸತ್ಯವೊಂದು ಕಣ್ಣಿಗೆ ಕಟ್ಟಿತು. ಆದರೆ ಅದು ಬಲ್ಲದ್ದು ಬರೆಹಲೋಕದಲ್ಲಿ ಹರಡಿರುವ ಮಾತಿನ ಸಾರವನ್ನು. ಬಹುಜನರು ಹೇಳಿದ್ದು ನಿಜವೋ ಅಲ್ಲವೋ, ಅದರ ಬಾಯಿಂದ ಅಷ್ಟೇ ದೃಢವಾಗಿ ಬರುತ್ತದೆ. ವಾರದಿಂದ ವಾರಕ್ಕೆ ಶೇಕಡಾ 10ಕ್ಕಿಂತ ಹೆಚ್ಚಾಗಿ ದೂರವನ್ನು ಏರಿಸಬಾರದೆಂಬ ನಿಯಮವನ್ನು ನೋಡಿ. ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ನಿಯಮದಂತೆ 13 ವಾರ ಮೆಲ್ಲನೆ ಏರಿದವರಲ್ಲಿಯೂ, 8 ವಾರಗಳಲ್ಲಿ ಬೇಗನೆ ಏರಿದವರಲ್ಲಿಯೂ ಗಾಯಗೊಂಡವರ ಪ್ರಮಾಣ ಹೆಚ್ಚುಕಡಿಮೆ ಐದರಲ್ಲೊಬ್ಬರಂತೆ ಸಮವಾಗಿಯೇ ಇತ್ತು. ನಿಯಮ ಎಚ್ಚರಿಕೆಯ ಮಾತಾಗಿ ಒಳ್ಳೆಯದೇ. ಅದು ರಕ್ಷಾಕವಚವೆಂದು ಯಂತ್ರ ಹೇಳಿದರೆ ಕಾರಣವನ್ನು ಕೇಳಬೇಕು. ಇದಕ್ಕಿಂತಲೂ ಗಂಭೀರವಾದ ದೋಷ, ಕೇಳುವವನ ಇಚ್ಛೆಗೆ ಒಲಿಯುವ ಅದರ ಗುಣ. ನಾಳೆ 30 ಕಿಲೋಮೀಟರ್ ಓಡಲೇ ಎಂದು ಉತ್ಸಾಹದಿಂದ ಕೇಳಿದವನಿಗೂ, ಓಡದಿರಲೇ ಎಂದು ಅಳುಕುತ್ತ ಕೇಳಿದವನಿಗೂ ಅದು ಹಿತವಾದ ಸಮರ್ಥನೆಯನ್ನು ಹುಡುಕಿಕೊಡಬಲ್ಲದು. ಕುಂಟುತ್ತ ಬಂದ ಶಿಷ್ಯನನ್ನು ಕಂಡೊಡನೆ, ಅವನು ಬಾಯಿ ತೆರೆಯುವ ಮೊದಲೇ, ಇಂದು ಮನೆಗೆ ಹೋಗು ಎನ್ನುವ ಗುರುವಿನ ಕಣ್ಣು ಅದಕ್ಕಿಲ್ಲ. ಆ ಕಣ್ಣನ್ನು ನಾವೇ ಅದಕ್ಕೆ ಒದಗಿಸಬೇಕು.

ಒದಗಿಸುವುದು ಮಾತಿನಿಂದ. ಸಾ, ಮೇನ್, ಗಾಸ್ಟಿನ್ ಎಂಬ ಮೂವರು ಸಂಶೋಧಕರು 56 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ನಿರ್ಣಯವು ಉಪಕರಣಪ್ರಿಯರನ್ನು ಬೆರಗುಗೊಳಿಸುವಂಥದು: ಅಭ್ಯಾಸದ ಭಾರವು ಕ್ರೀಡಾಪಟುವಿನ ಮೇಲೆ ಮಾಡಿದ ಪರಿಣಾಮವನ್ನು, ರಕ್ತಪರೀಕ್ಷೆ ನಾಡಿ ಮೊದಲಾದ ಬಾಹ್ಯ ಅಳತೆಗಳಿಗಿಂತ, ಆತನು ತನ್ನನ್ನು ಕುರಿತು ತಾನೇ ಹೇಳಿಕೊಂಡ ಮಾತು ಹೆಚ್ಚು ಸೂಕ್ಷ್ಮವಾಗಿಯೂ ಸ್ಥಿರವಾಗಿಯೂ ತಿಳಿಸುತ್ತಿತ್ತು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞನು ಇದನ್ನು ಬಹು ಹಿಂದೆಯೇ ಮನಗಂಡು, ಶ್ರಮದ ಅನುಭವವನ್ನು 6ರಿಂದ 20ರವರೆಗಿನ ಮೆಟ್ಟಿಲುಗಳಲ್ಲಿ ಹೇಳಿಸುವ ಪದ್ಧತಿಯನ್ನು ಕಟ್ಟಿದ್ದನು. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸುಮಾರಾಗಿ ಆ ಹೊತ್ತಿನ ಹೃದಯಬಡಿತ ದೊರೆಯಬೇಕೆಂಬುದು ಆ ವಿಚಿತ್ರ ಆರಂಭದ ಗುಟ್ಟು.

ಇಲ್ಲಿ ಕನ್ನಡಿಗನಿಗೆ ಒಂದು ಸೌಭಾಗ್ಯವಿದೆಯೆಂದು ನಾನು ನಂಬಿದ್ದೇನೆ. ಆ್ಯಪ್‌ಗಳು ನಮ್ಮೆದುರಿಗೆ ಐದು ಮುಖಗಳ ಚಿತ್ರವನ್ನಿಟ್ಟು ಒಂದನ್ನು ಒತ್ತೆನ್ನುತ್ತವೆ. ನಮ್ಮ ನುಡಿಯಲ್ಲಾದರೋ ಒಡಲಿನ ಸ್ಥಿತಿಗೆ ಎಷ್ಟು ಹೆಸರು! ದಣಿವೆಂದರೆ ನೀರು ಕುಡಿದು ನೆರಳಲ್ಲಿ ಕುಳಿತರೆ ಕಳೆಯುವುದು. ಬಳಲಿಕೆಯೆಂದರೆ ಹಲವು ದಿನಗಳಿಂದ ಒಳಗೆ ಕೂಡಿಕೊಂಡು ಬಂದದ್ದು. ಕಾಲು ಸೋತಿದೆ ಎನ್ನುವುದು ಬೇರೆ, ಕಾಲು ಹಿಡಿದುಕೊಂಡಿದೆ ಎನ್ನುವುದು ಬೇರೆ: ಮೊದಲನೆಯದಕ್ಕೆ ಊಟವೂ ನಿದ್ರೆಯೂ ಮದ್ದು, ಎರಡನೆಯದು ಸ್ನಾಯುವಿನ ಬಿಗಿತ. ಮೈ ಜಡವಾಗಿದೆ ಎಂದಾಗ ನೋವಿಲ್ಲ, ಆದರೆ ಒಡಲು ಒಲ್ಲೆನೆನ್ನುತ್ತಿದೆ; ಜ್ವರದ ಮುನ್ನಾದಿನ ಬರುವುದು ಈ ಮಾತೇ. ಸೆಳೆತ, ಚುಚ್ಚು, ಉರಿ, ಮರಗಟ್ಟುವಿಕೆ, ಇವುಗಳಲ್ಲಿ ಯಾವುದೆಂಬುದನ್ನು ಮೊಣಕಾಲ ನೋವಿನವನು ನಿಖರವಾಗಿ ಹೇಳಿದರೆ ವೈದ್ಯರಿಗೇ ಅರ್ಧ ದಾರಿ ಸವೆಯುತ್ತದೆ. ಹೊಲದಲ್ಲಿ ದುಡಿದ ತಲೆಮಾರುಗಳು ರೂಪಿಸಿದ ಈ ಶಬ್ದಸಂಪತ್ತು ಓಟಗಾರನ ಪಾಲಿಗೆ ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಲ್ಲ. ಎದೆಯಲ್ಲಿ ಬಿಗಿತ, ಎಡದೋಳಿಗೆ ಹರಿಯುವ ನೋವು, ಓಡುವಾಗ ಕಣ್ಣುಕತ್ತಲೆ ಎಂಬ ಮಾತುಗಳು ಬಂದರೆ ಮಾತ್ರ ಅವನ್ನು ಯಂತ್ರಕ್ಕೆ ಹೇಳುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಯಂತ್ರಕ್ಕೆ ಎಷ್ಟನ್ನು ಹೇಳಬೇಕೆಂಬುದಕ್ಕೆ ಇನ್ನೊಂದು ಮುಖವೂ ಉಂಟು. 2018ರ ಜನವರಿಯಲ್ಲಿ, ಸ್ಟ್ರಾವಾ ಎಂಬ ಆ್ಯಪ್ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳು ಬೆಳಗುತ್ತಿದ್ದು, ದೂರದ ಸೇನಾನೆಲೆಗಳ ಆಕೃತಿಯೇ ಬಯಲಾದುದು ದೊಡ್ಡ ಸುದ್ದಿಯಾಯಿತು. ಯಲಹಂಕದ ವಾಯುನೆಲೆಯ ನೆರೆಯಲ್ಲಿ ವಾಸಿಸುವ ನಮಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವೂ ಬೆಳಗಿನ ಐದು ಗಂಟೆಗೆ ಒಂಟಿಯಾಗಿ ಹೊರಡುವ ಹೆಣ್ಣುಮಗಳಿಗಂತೂ ಮನೆಯ ಬಾಗಿಲನ್ನೂ ಹೊರಡುವ ವೇಳೆಯನ್ನೂ ಅಪರಿಚಿತರಿಗೆ ತಿಳಿಯಗೊಡದಿರುವುದು ಅತ್ಯಗತ್ಯ. ಓಟದ ಆರಂಭವನ್ನೂ ಕೊನೆಯನ್ನೂ ಮರೆಮಾಡುವ ಏರ್ಪಾಡು ಇಂಥ ಆ್ಯಪ್‌ಗಳಲ್ಲಿಯೇ ಇದೆ, ಮೊದಲ ದಿನವೇ ಅದನ್ನು ಮಾಡಿಕೊಳ್ಳತಕ್ಕದ್ದು.

ನನ್ನ ಇಂದಿನ ಕ್ರಮ ಹೀಗಿದೆ. ಅಡುಗೆಮನೆಯ ಗೂಡಿನಲ್ಲಿ ಒಂದು ಸಾದಾ ನೋಟ್‌ಬುಕ್ ಇದೆ. ಎದ್ದೊಡನೆ, ಗಡಿಯಾರದ ಅಂಕಿಯನ್ನು ನೋಡುವ ಮುಂಚೆಯೇ, ಅದರಲ್ಲಿ ಒಂದು ಮಾತು ಬರೆಯುತ್ತೇನೆ. ನೋಡಿದ ಮೇಲೆ ಬರೆದರೆ ಆ ಅಂಕಿಯೇ ನನ್ನ ಬಾಯಿಂದ ನುಡಿಯುತ್ತದೆ, ನನ್ನ ಮೈ ನುಡಿಯುವುದಿಲ್ಲ. ಓಟ ಮುಗಿದಾಗಲೂ ಹೀಗೆಯೇ. ಭಾನುವಾರ ಸಂಜೆ ಮಾತಿನ ಸಾಲನ್ನೂ ಅಂಕಿಯ ಸಾಲನ್ನೂ ಜೊತೆಯಾಗಿ ಯಂತ್ರಕ್ಕೆ ಒಪ್ಪಿಸಿ, ಮುಂದೇನು ಮಾಡಲಿ ಎಂದು ಕೇಳದೆ, ಈ ಎರಡು ಸಾಲುಗಳು ಎಲ್ಲೆಲ್ಲಿ ಒಂದನ್ನೊಂದು ಒಪ್ಪುವುದಿಲ್ಲ ಎಂದು ಮಾತ್ರ ಕೇಳುತ್ತೇನೆ. ಹಾಗೆ ಕೇಳಿದ ಐದನೆಯ ವಾರ ಅದು ತೋರಿಸಿದ್ದು ಇದು: ಪ್ರತಿ ಗುರುವಾರವೂ ಗಡಿಯಾರವು ನನ್ನನ್ನು ಸನ್ನದ್ಧನೆಂದು ಹೇಳಿದೆ, ನಾನು ಕಾಲು ಸೋತಿದೆ ಎಂದು ಬರೆದಿದ್ದೇನೆ. ಕಾರಣ ಅದಕ್ಕೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಬುಧವಾರ ರಾತ್ರಿ ಕಚೇರಿಯ ಕೆಲಸಕ್ಕಾಗಿ ಹನ್ನೊಂದರವರೆಗೆ ಕುಳಿತಿರುತ್ತೇನೆ, ಊಟವೂ ಅರೆಬರೆ. ವೇಗದ ಓಟವನ್ನು ಗುರುವಾರದಿಂದ ಶುಕ್ರವಾರಕ್ಕೆ ಸರಿಸಿದೆನು. ಬುಧವಾರ ಸಂಜೆ ಏಳಕ್ಕೇ ಮುದ್ದೆ ಸಾರು ಉಂಡು ಕೆಲಸಕ್ಕೆ ಕೂರುವುದನ್ನು ಅಭ್ಯಾಸ ಮಾಡಿಕೊಂಡೆನು.