ಟ್ಯಾಂಕಿನೊಳಗಿನ ಪಂಪು ಕೈಕೊಟ್ಟಾಗ...

ಪರೀಕ್ಷೆಯ ದಿನ, ಬೆಳಿಗ್ಗೆ ಎಂಟೂವರೆ. ಮಗ ಬೈಕಿನ ಕೀಲಿ ತಿರುಗಿಸುತ್ತಾನೆ, ಸೆಲ್ಫ್ ಒತ್ತುತ್ತಾನೆ. ಎಂಜಿನ್ ತಿರುಗುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ. ‘ಅಪ್ಪಾ, ಗಾಡಿ ಸ್ಟಾರ್ಟೇ ಆಗ್ತಿಲ್ಲ’ ಎಂಬ ಕೂಗಿಗೆ ಒಳಗಿನಿಂದ ಉತ್ತರ ಸಿದ್ಧ: ‘ಪೆಟ್ರೋಲ್ ಕಮ್ಮಿ ಇರ್ಬೇಕು ಕಣೋ, ಒಂದ್ಸಲ ವಾಲಿಸಿ ನೋಡು.’

ಚೇತಕ್ ಸ್ಕೂಟರಿನ ಕಾಲದಲ್ಲಿ ಈ ಮಂತ್ರ ಫಲಿಸುತ್ತಿತ್ತು. ಈ ಬೈಕಿಗೆ ಅದು ನಾಟುವುದಿಲ್ಲ. ಅಪ್ಪ, ಮಗ ಇಬ್ಬರೂ ಗಮನಿಸದ ಸಂಗತಿಯೊಂದಿದೆ. ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು ಕೇಳಬೇಕಿದ್ದ ‘ಝುಂಯ್’ ಎಂಬ ಸಣ್ಣ ಸದ್ದು ಅಂದು ಕೇಳಿಸಲೇ ಇಲ್ಲ!

ಅದು ಫ್ಯುಯೆಲ್ ಪಂಪಿನ ಸದ್ದು. ಹಿಂದಿನ ಬೈಕುಗಳಲ್ಲಿ ಇಂಥದ್ದೊಂದು ಪಂಪು ಬೇಕೇ ಇರಲಿಲ್ಲ. ಟ್ಯಾಂಕು ಮೇಲೆ, ಕಾರ್ಬ್ಯುರೇಟರ್ ಕೆಳಗೆ. ಗುರುತ್ವಾಕರ್ಷಣೆಯೇ ಪೆಟ್ರೋಲನ್ನು ಪುಕ್ಕಟೆಯಾಗಿ ಇಳಿಸುತ್ತಿತ್ತು. ನಮ್ಮಲ್ಲಿ 2006ರಲ್ಲಿ ಹೀರೋ ಹೋಂಡಾ ಗ್ಲಾಮರ್, ಮರುವರ್ಷ ಪಲ್ಸರ್ 220 ಇಂಜೆಕ್ಷನ್ ವ್ಯವಸ್ಥೆಯೊಂದಿಗೆ ಬಂದವಾದರೂ ಸಾಮಾನ್ಯರ ಗಾಡಿಗಳು ಕಾರ್ಬ್ಯುರೇಟರನ್ನೇ ನೆಚ್ಚಿಕೊಂಡಿದ್ದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಜಾರಿಯಾಯಿತು. ಅಲ್ಲಿಂದೀಚೆಗೆ ಹೆಚ್ಚುಕಡಿಮೆ ಎಲ್ಲ ಹೊಸ ಬೈಕು, ಸ್ಕೂಟರುಗಳ ಹೊಟ್ಟೆಯಲ್ಲೂ ಪಂಪು ಸೇರಿಕೊಂಡಿದೆ.

ಇಂಜೆಕ್ಟರು ಕೂದಲೆಳೆಯಂಥ ರಂಧ್ರಗಳಿಂದ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸಬೇಕು. ಅದಕ್ಕೆ ಅನೇಕ ಬೈಕುಗಳಲ್ಲಿ ಸುಮಾರು 3 ಬಾರ್ ಒತ್ತಡ ಬೇಕು. ಟೈರಿಗೆ ಗಾಳಿ ಹಾಕುವವರ ಲೆಕ್ಕದಲ್ಲಿ ಸುಮಾರು 43. ಅರ್ಧ ಅಡಿ ಮೇಲಿರುವ ಟ್ಯಾಂಕು ಬರೀ ಎತ್ತರದ ಬಲದಿಂದ ಇದರ ನೂರನೇ ಒಂದು ಪಾಲನ್ನೂ ಕೊಡಲಾರದು. ಪಿಯುಸಿ ವಿದ್ಯಾರ್ಥಿಗಳು ಬೇಕಿದ್ದರೆ ಲೆಕ್ಕ ಹಾಕಿ ನೋಡಬಹುದು.

ಪೆಟ್ರೋಲಿನೊಳಗೆ ಕಿಡಿ!

ಸೋಜಿಗವೆಂದರೆ, ಹೆಬ್ಬೆರಳಿಗಿಂತ ತುಸು ದಪ್ಪಗಿರುವ ಈ 12 ವೋಲ್ಟಿನ ಮೋಟಾರು ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಪೆಟ್ರೋಲು ಅದರ ಸುರುಳಿಗಳ ನಡುವೆಯೇ ಹರಿದುಹೋಗುತ್ತದೆ. ಮೋಟಾರಿನ ಬ್ರಷ್‌ಗಳಲ್ಲಿ ಪುಟ್ಟ ಕಿಡಿಗಳು ಏಳುವುದೂ ಉಂಟು. ಆದರೂ ಟ್ಯಾಂಕು ಸಿಡಿಯುವುದಿಲ್ಲ, ಏಕೆ? ಉರಿಯಲು ಪೆಟ್ರೋಲ್ ಇದ್ದರೆ ಸಾಲದು, ಗಾಳಿಯೂ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರವರೆಗೆ ಇದ್ದಾಗ ಮಾತ್ರ ಬೆಂಕಿ ಹೊತ್ತುತ್ತದೆ. ಮೋಟಾರಿನೊಳಗೆ ಇರುವುದು ದ್ರವ, ಗಾಳಿಗೆ ಅಲ್ಲಿ ಜಾಗವೇ ಇಲ್ಲ. ಟ್ಯಾಂಕಿನ ಮೇಲ್ಭಾಗದಲ್ಲೂ ಸಾಮಾನ್ಯವಾಗಿ ಆವಿ ಈ ಮಿತಿಯನ್ನು ಮೀರಿ ತುಂಬಿರುತ್ತದೆ.

ಹರಿಯುವ ಪೆಟ್ರೋಲೇ ಮೋಟಾರನ್ನು ತಂಪಾಗಿಡುತ್ತದೆ, ಒಳಭಾಗಗಳಿಗೆ ಜಾರುವಿಕೆಯನ್ನೂ ಕೊಡುತ್ತದೆ. ಕಾಲೇಜು ಹುಡುಗರ ಜೇಬಿಗೂ ಪಂಪಿನ ಆಯುಷ್ಯಕ್ಕೂ ನಂಟು ಬೆಳೆಯುವುದು ಇಲ್ಲೇ. ಐವತ್ತು, ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿಕೊಂಡು ಸದಾ ರಿಸರ್ವ್‌ನಲ್ಲೇ ಓಡಿಸಿದರೆ ಪಂಪು ಮತ್ತೆ ಮತ್ತೆ ಗಾಳಿ ನುಂಗುತ್ತದೆ, ಕಾಯುತ್ತದೆ, ಸವೆಯುತ್ತದೆ. ಟ್ಯಾಂಕಿನ ತಳದ ಕಸ ಅದರ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ನಿಲ್ಲುವ ಗಾಡಿಗಳದ್ದು ಇನ್ನೊಂದು ಪಾಡು: ಮುಚ್ಚಳದ ಸುತ್ತ ನೀರು ಇಳಿದುಹೋಗುವ ಸಣ್ಣ ತೂತು ಕಟ್ಟಿಕೊಂಡರೆ ನೀರು ಟ್ಯಾಂಕಿಗೇ ಇಳಿಯುತ್ತದೆ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಶೇ 20 ಮುಟ್ಟಿತು. ಎಥೆನಾಲ್‌ಗೆ ನೀರನ್ನು ಹೀರುವ ಗುಣವಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ತುಕ್ಕಿಗೆ ಅಷ್ಟೇ ಸಾಕು.

ಹಾಗೆಂದು ಸದ್ದಿಲ್ಲದ ಮಾತ್ರಕ್ಕೆ ಪಂಪು ಸತ್ತಿದೆ ಎಂದು ತೀರ್ಮಾನಿಸಿ ಅಂಗಡಿಗೆ ಓಡಬೇಕಿಲ್ಲ. ಬಲಗೈ ಬಳಿಯ ಕೆಂಪು ಗುಂಡಿ ಆಫ್ ಆಗಿರಬಹುದು. ಫ್ಯೂಸ್ ಹೋಗಿರಬಹುದು, ರಿಲೇ ಕೆಟ್ಟಿರಬಹುದು, ಬ್ಯಾಟರಿ ಬಳಲಿರಬಹುದು. ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರ್‌ನ ತಕರಾರೂ ಇರಬಹುದು. ಪಂಪಿನ ಪ್ಲಗ್ಗಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕರೆಂಟ್ ಬಂದೂ ಪಂಪು ತಿರುಗದಿದ್ದರೆ ದೋಷ ಅದರದೇ. ಸದ್ದು ಬಂದೂ ಗಾಡಿ ಏರಿನಲ್ಲಿ ತಿಣುಕಿದರೆ ಒತ್ತಡ ಅಳೆಯಬೇಕು. ಇದಾವುದನ್ನೂ ನೋಡದೆ ‘ಪಂಪ್ ಹೋಗಿದೆ ಸಾರ್’ ಎನ್ನುವ ಮೆಕ್ಯಾನಿಕ್ ಬಗ್ಗೆ ಸ್ವಲ್ಪ ಎಚ್ಚರ ಒಳ್ಳೆಯದು.

ಒರಿಜಿನಲ್ಲೋ, ಹೊರಗಿನದೋ?

ತಂದೆಯವರ ತಲೆನೋವು ಶುರುವಾಗುವುದು ಈಗ. ಎಷ್ಟೋ ಷೋರೂಂಗಳಲ್ಲಿ ಬರಿಯ ಮೋಟಾರು ಸಿಗುವುದಿಲ್ಲ. ಮೋಟಾರು, ಜಾಲರಿ, ಒತ್ತಡ ಕಾಯುವ ರೆಗ್ಯುಲೇಟರು, ಕೆಲವದರಲ್ಲಿ ಪೆಟ್ರೋಲ್ ಮಟ್ಟ ತೋರಿಸುವ ತೇಲುಗುಂಡು, ಎಲ್ಲ ಕೂಡಿದ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬೇರೆ ತಯಾರಕರ ಮೋಟಾರು ಅದಕ್ಕಿಂತ ಎಷ್ಟೋ ಕಡಿಮೆಗೆ ದಕ್ಕುತ್ತದೆ. ಗಾಡಿ ವಾರಂಟಿಯಲ್ಲಿದ್ದರೆ ಆ ಕಡೆ ತಲೆ ಹಾಕದಿರುವುದೇ ಲೇಸು. ವಾರಂಟಿ ಮುಗಿದ ಗಾಡಿಗೆ ಹೊರಗಿನ ಪಂಪು ತಪ್ಪೇನಲ್ಲ. ಆದರೆ ‘ನೋಡಲು ಒಂದೇ ಥರ ಇದೆ’ ಎಂಬುದಷ್ಟೇ ಆಧಾರವಾಗಬಾರದು.

ಹಳೆಯ ಪಂಪನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ದಪ್ಪ, ಉದ್ದ, ಮೂತಿಯ ಅಳತೆ, ವೈರಿನ ತುದಿಗಳು ಹೊಂದಬೇಕು. ಅದಕ್ಕಿಂತ ಮುಖ್ಯವಾಗಿ ಒತ್ತಡ, ಗಂಟೆಗೆ ಎಷ್ಟು ಲೀಟರ್ ಎಂಬ ಹರಿವು. ಹರಿವು ತುಸು ಹೆಚ್ಚಿದ್ದರೆ ರೆಗ್ಯುಲೇಟರು ಹೆಚ್ಚಿನದನ್ನು ಟ್ಯಾಂಕಿಗೇ ಮರಳಿಸುತ್ತದೆ. ಕಡಿಮೆಯಾದರೆ ಮಾತ್ರ ಅಪಾಯ. ಲಾರಿಯೊಂದನ್ನು ಹಿಂದಿಕ್ಕುವಾಗ, ಪೂರ್ತಿ ಪೆಟ್ರೋಲ್ ಬೇಕಾದ ಆ ಗಳಿಗೆಯಲ್ಲೇ ಎಂಜಿನ್ ಸೊರಗುತ್ತದೆ. ಶೇ 20 ಎಥೆನಾಲ್ ತಾಳಿಕೊಳ್ಳುತ್ತದೆಯೇ ಎಂದೂ ಕೇಳಬೇಕು.

ಇನ್ನು ಪಂಪಿಗಿಂತ ಹೆಚ್ಚು ಮೋಸ ಮಾಡುವುದು ಒಂದು ಗೇಣಿಗಿಂತ ಚಿಕ್ಕದಾದ ರಬ್ಬರ್ ಕೊಳವೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಪೈಪು ಒಳಗೆ ಪೆಟ್ರೋಲ್ ಹರಿಯಲೆಂದು ಮಾಡಿದ್ದು. ಹೊರಮೈಯೂ ಪೆಟ್ರೋಲಿನಲ್ಲಿ ನೆನೆದರೆ ಅದು ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರಿಯುತ್ತದೆ. ಮುಳುಗಿರಲೆಂದೇ ತಯಾರಾದ ಪೈಪಿನ ಮೇಲೆ ‘30ಆರ್10’ ಎಂಬ ಗುರುತು ಇರುತ್ತದೆ. ಬೆಲೆ ಹೆಚ್ಚು. ಇಲ್ಲಿ ಉಳಿತಾಯ ಮಾಡಿದವರು ಕೆಲವೇ ತಿಂಗಳಲ್ಲಿ ಮತ್ತೆ ಟ್ಯಾಂಕು ಬಿಚ್ಚಿ, ಚೆನ್ನಾಗಿರುವ ಹೊಸ ಪಂಪನ್ನೇ ಬೈಯುತ್ತಿರುತ್ತಾರೆ.

ಕೆಲಸ ಬಯಲಿನಲ್ಲಿ ನಡೆಯಬೇಕು. ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯಬಾರದು. ಮೊದಲು ಬ್ಯಾಟರಿಯ ನೆಗೆಟಿವ್ ವೈರು ಕಳಚಿ, ಪೈಪಿನ ಕೂಡಿಕೆಗೆ ಬಟ್ಟೆ ಸುತ್ತಿಯೇ ಬಿಚ್ಚಬೇಕು, ಒಳಗೆ ಉಳಿದ ಒತ್ತಡ ಕಣ್ಣಿಗೆ ಚಿಮ್ಮೀತು. ಟ್ಯಾಂಕು ಖಾಲಿ ಮಾಡಿ ತಳದ ಕಸ ತೊಳೆಯಬೇಕು, ಜಾಲರಿ ಹೊಸದಾಗಬೇಕು, ಜೋಡಣೆಯ ಕೆಳಗಿನ ರಬ್ಬರ್ ರಿಂಗು ಕೂಡ. ಪ್ಲಸ್ ಮೈನಸ್ ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಸದ್ದು ಬರುತ್ತದೆ, ಪೆಟ್ರೋಲ್ ಬರುವುದಿಲ್ಲ! ಟ್ಯಾಂಕು ಬಿಚ್ಚಿ ಅನುಭವವಿಲ್ಲದ ಹುಡುಗರು ಇದನ್ನು ಒಬ್ಬರೇ ಮಾಡಲು ಹೋಗಬಾರದು. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನೋಡಿ ಕಲಿಯಲು ಅಡ್ಡಿಯಿಲ್ಲ.

ಎಲ್ಲ ಕೂಡಿಸಿದ ಮೇಲೆ ಎರಡು ಮೂರು ಲೀಟರ್ ಪೆಟ್ರೋಲ್ ಹಾಕಿ, ಸೆಲ್ಫ್ ಮುಟ್ಟದೆ ಕೀಲಿಯನ್ನು ಮೂರು ಬಾರಿ ಆನ್-ಆಫ್ ಮಾಡಬೇಕು. ‘ಝುಂಯ್’ ಸದ್ದು ಮರಳಿದರೆ ಆಗ ಬ್ಯಾಟರಿ ಬೆಳಕಿನಲ್ಲಿ ಟ್ಯಾಂಕಿನ ಅಡಿಯನ್ನೂ ಪೈಪಿನ ಕೂಡಿಕೆಯನ್ನೂ ಬೆರಳಾಡಿಸಿ ನೋಡುವುದು. ಕೆಳಗಿರುವುದು ಕಾಯುವ ಎಂಜಿನ್. ಒಂದು ಹನಿ ಜಿನುಗಿದರೂ ಮತ್ತೆ ಬಿಚ್ಚಲೇಬೇಕು. ಮೊದಲ ಒಂದೆರಡು ರಾತ್ರಿ ಗಾಡಿಯನ್ನು ಮೆಟ್ಟಿಲಡಿಯಲ್ಲಾಗಲಿ ನಡುಮನೆಯಲ್ಲಾಗಲಿ ನಿಲ್ಲಿಸದೆ ಅಂಗಳದಲ್ಲೇ ಬಿಟ್ಟು, ಬೆಳಿಗ್ಗೆ ಪೆಟ್ರೋಲ್ ವಾಸನೆ ಇದೆಯೇ ಎಂದು ಮೂಸಿ ನೋಡಿದ ಮೇಲೆಯೇ ಮಗನ ಕೈಗೆ ಕೀಲಿ ಕೊಡುವುದು.