ಶಕುಂತಲೆಯ ಪ್ರತ್ಯುತ್ತರವೂ ಸಂಕಮ್ಮನ ನಿರಾಕರಣವೂ

‘ಪ್ರಮಾಣ’ವೆಂಬ ಶಬ್ದವು ಶಾಸ್ತ್ರದಲ್ಲಿ ಯಥಾರ್ಥಜ್ಞಾನದ ಸಾಧನವನ್ನು ಬೋಧಿಸುತ್ತದೆ, ಲೋಕರೂಢಿಯ ಕನ್ನಡದಲ್ಲಿ ಅದಕ್ಕೆ ಆಣೆಯೆಂಬ ಅರ್ಥವೂ ಉಂಟು. ಈ ಭೇದವನ್ನು ಹಿಡಿದು ನೋಡಿದರೆ, ಕಾಳಿದಾಸನ ಶಾಕುಂತಲದ ಪಂಚಮಾಂಕಕ್ಕೂ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಪ್ರಸಂಗಕ್ಕೂ ಇರುವ ತಾರತಮ್ಯವು ವಿಶದವಾಗುವುದು. ಎರಡರಲ್ಲಿಯೂ ಪತಿಯು ಶಂಕಿಸುವವನು. ಪತ್ನಿಯು ಉತ್ತರ ಹೇಳಬೇಕಾದವಳು.

ಪಂಚಮಾಂಕದಲ್ಲಿ ಶಾರ್ಙ್ಗರವನು ಕಣ್ವರ ಸಂದೇಶವನ್ನು ಆಪ್ತವಾಕ್ಯವಾಗಿ ಮುಂದಿಟ್ಟು, ವಿವಾಹಿತೆಯು ತವರಿನಲ್ಲಿಯೇ ನಿಂತರೆ ಅಪವಾದಕ್ಕೆ ಗುರಿಯಾಗುವಳೆಂಬ ಲೋಕನೀತಿಯನ್ನು ಸೇರಿಸುತ್ತಾನೆ. ರಾಜನು ವಿವಾಹವನ್ನೇ ಅಲ್ಲಗಳೆಯಲು ಆ ನೀತಿಗೆ ಆಧಾರವು ತಪ್ಪುತ್ತದೆ. ಶಕುಂತಲೆಯು ಪ್ರತ್ಯಕ್ಷವನ್ನು ನೆಚ್ಚಿ ಉಂಗುರವನ್ನು ತೋರಹೋಗುತ್ತಾಳೆ, ಬೆರಳು ಬರಿದಾಗಿರುತ್ತದೆ. ಬಳಿಕ ಸ್ಮೃತಿಯನ್ನು ಎಚ್ಚರಿಸಲೆಳಸಿ, ದೀರ್ಘಾಪಾಂಗನೆಂಬ ಜಿಂಕೆಮರಿಯು ರಾಜನ ಕೈನೀರನ್ನು ಒಲ್ಲದೆ ತನ್ನ ಕೈಯಿಂದ ಕುಡಿದ ವೃತ್ತಾಂತವನ್ನು ಹೇಳುತ್ತಾಳೆ. ಶಾಪದಿಂದ ನೆನಪಳಿದವನಿಗೆ ಅದು ಸವಿಮಾತಿನ ಕಪಟವಾಗಿ ಕಾಣುತ್ತದೆ. ಅವನು ಈ ಒಬ್ಬಳ ಮಾತನ್ನು ಪರೀಕ್ಷಿಸದೆ, ವಂಚನಾಚಾತುರ್ಯವು ಸ್ತ್ರೀಜಾತಿಗೆಲ್ಲ ಹುಟ್ಟುಗುಣವೆಂಬ ವ್ಯಾಪ್ತಿಯನ್ನು ಕಲ್ಪಿಸಿ, ಅನ್ಯಪಕ್ಷಿಗಳಿಂದ ಮರಿಗಳನ್ನು ಸಾಕಿಸುವ ಹೆಣ್ಣುಕೋಗಿಲೆಯನ್ನು ದೃಷ್ಟಾಂತವಾಗಿ ಕೊಡುತ್ತಾನೆ. ದೃಷ್ಟಾಂತವು ಮನೋಹರ, ಹೇತುವು ದುರ್ಬಲ. ಶಾರ್ಙ್ಗರವನ ವ್ಯಂಗ್ಯವು ನಾಟುವುದು ಇಲ್ಲಿಯೇ: ಕಪಟವನ್ನರಿಯದವಳು ಅವಿಶ್ವಾಸಾರ್ಹಳು, ಪರವಂಚನೆಯನ್ನು ವಿದ್ಯೆಯಾಗಿ ಕಲಿತವರು ಆಪ್ತರು ಎಂಬಂತಾಯಿತಲ್ಲವೇ ಎಂದು ಅವನು ವಾದವನ್ನು ರಾಜನ ಮೇಲೆಯೇ ತಿರುಗಿಸುತ್ತಾನೆ.

ಇನ್ನು ಸಂಕಮ್ಮನ ಪ್ರಸಂಗ. ಹೆಬ್ಬಣಿ ಮಾದಯ್ಯನವರೂ ಸಂಗಡಿಗರೂ ಹಾಡಿದ ಪಾಠದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿಯು 2001ರಲ್ಲಿ ಪ್ರಕಟಿಸಿರುವುದರಿಂದ ಈ ಕಥೆಯು ಹೊರನಾಡಿನ ವಿದ್ವಾಂಸರಿಗೂ ದೊರೆತಿದೆ. ನೀಲೇಗೌಡನು ಹೆಜ್ಜೇನು ತರಲು ಮಲೆಗೆ ಹೊರಡುವ ಮುನ್ನ, ತಾನಿಲ್ಲದಾಗ ಶೀಲವನ್ನು ಕಾಯುವೆನೆಂದು ಭಾಷೆ ಕೊಡುವಂತೆ ಪತ್ನಿಯನ್ನು ಕೇಳುತ್ತಾನೆ. ಅವನು ಬೇಡುವುದು ನಡೆದುದಕ್ಕೆ ಸಾಕ್ಷ್ಯವನ್ನಲ್ಲ, ನಡೆಯಬಾರದುದಕ್ಕೆ ಆಣೆಯನ್ನು. ಸಂಕಮ್ಮನು ಕೊಡಲೊಲ್ಲಳು. ಮಾತು ಸಾಗದಿರಲು ಅವನು ದಂಡೋಪಾಯಕ್ಕೆ ಇಳಿದು ಹಿಂಸಿಸುತ್ತಾನೆ, ಅವಳು ಬಗ್ಗುವುದಿಲ್ಲ. ಕಡೆಗೆ ಮಾದೇಶ್ವರನೇ ಬಂದು ಅವಳನ್ನು ಕಾಯುತ್ತಾನೆ.

ನಿರ್ದೋಷಿಯಾದವಳಿಗೆ ಆಣೆಯಿಡಲು ಅಡ್ಡಿಯೇನು ಎಂಬುದು ಇಲ್ಲಿ ಪೂರ್ವಪಕ್ಷ. ಸಮಾಧಾನವೇನೆಂದರೆ: ಆಣೆಯಿಟ್ಟರೆ ಶಂಕೆಗೆ ಎಡೆಯುಂಟೆಂದು ತಾನೇ ಒಪ್ಪಿದಂತಾಗುತ್ತದೆ, ಅಲ್ಲದೆ ಕಟ್ಟುಬೀಳುವವಳು ಅವಳೊಬ್ಬಳೇ. ಆದಕಾರಣ ಅವಳ ನಿರಾಕರಣವನ್ನು ಬರಿಯ ಹಟವೆಂದು ಪಾಠಹೇಳುವುದು ಯುಕ್ತವಲ್ಲ. ಅದೂ ಒಂದು ವಾದವೇ.

ಶಕುಂತಲೆಯು ಸಾಕ್ಷ್ಯವನ್ನು ಒಪ್ಪಿಸಹೋಗಿ ಶಂಕಿಸಿದವನನ್ನೇ ನ್ಯಾಯಾಧಿಪತಿಯನ್ನಾಗಿ ಅಂಗೀಕರಿಸಿದಳು. ಉಂಗುರದೊಡನೆ ಅವಳ ಪಕ್ಷವೂ ನೀರಿಗೆ ಬಿದ್ದಿತು. ಸಂಕಮ್ಮನು ಆ ಪೀಠವನ್ನೇ ಒಪ್ಪಲಿಲ್ಲ. ಒಬ್ಬಳಿಗೆ ಬೆಸ್ತನ ಕೈಗೆ ಸಿಕ್ಕಿದ ಉಂಗುರವೂ, ಇನ್ನೊಬ್ಬಳಿಗೆ ದೈವವೂ ನೆರವಾದುವೇ ಹೊರತು, ಕೇಳುವವನು ಮೊದಲೇ ನಿಶ್ಚಯಿಸಿದ್ದಲ್ಲಿ ವಾಗ್ಮಿತೆಯು ಯಾರನ್ನೂ ಗೆಲ್ಲಿಸಲಿಲ್ಲ. ಆದರೆ ಕಳೆದುಹೋಗಬಹುದಾದ ಯಾವ ವಸ್ತುವನ್ನೂ ಸಂಕಮ್ಮನು ನೆಚ್ಚಿರಲಿಲ್ಲವೆಂಬುದು ವಿಶೇಷ.